ಪಿಕ್ಸಿ ಹಾಲೋ ತೆಗೆದು ಅಲ್ಲಿ ರೈಡ್ ಹಾಕಬೇಕೆ?

ಪ್ರಶ್ನೆ: ನಾವಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮಕ್ಕಳನ್ನು ಕರೆದುಕೊಂಡು ಅನಹೈಮ್‌ನ ಡಿಸ್ನಿಲ್ಯಾಂಡ್‌ಗೆ ಆಗಾಗ ಹೋಗುತ್ತೇವೆ. ಪೀಟರ್ ಪ್ಯಾನ್ ಕತೆಯ ಪುಟ್ಟ ಕಿನ್ನರಿ ಟಿಂಕರ್ ಬೆಲ್ ಜತೆ ಮಾತಾಡಿ ಫೋಟೊ ತೆಗೆಸಿಕೊಳ್ಳುವ ಪಿಕ್ಸಿ ಹಾಲೋ ಎಂಬ ಪುಟ್ಟ ತೋಟ ಪಾರ್ಕಿನ ನಡುಭಾಗದಲ್ಲೇ ಇದೆ. ಗಂಟೆಗೆ ಕೆಲವೇ ಕುಟುಂಬಗಳಿಗೆ ಸಿಗುವ ಆ ಜಾಗವನ್ನು ತೆಗೆದು ಅಲ್ಲೊಂದು ರೈಡ್ ಹಾಕಿದರೆ ಹೆಚ್ಚು ಜನಕ್ಕೆ ಅನುಕೂಲ ಅಲ್ಲವೇ?

ಉತ್ತರ: ನೇರವಾಗಿ ಹೇಳುತ್ತೇನೆ, ತೆಗೆಯಬಾರದು. ಹಾಗೆಂದು ಒಂದೇ ಒಂದು ಭೇಟಿಯ ಸ್ಥಾನ ಇಟ್ಟುಕೊಂಡು ನಡೆಸುತ್ತಾ ಹೋಗುವುದೂ ಸರಿಯಲ್ಲ. ಅದೇ ತೋಟದೊಳಗೆ ಎರಡು ಸ್ಥಾನ ಮಾಡಿ, ಸಾಲಿಗೆ ನೆರಳು ಕೊಟ್ಟು, ಸಾಲು ನಡೆಸುವ ರೀತಿಯನ್ನು ಬಿಗಿ ಮಾಡಿದರೆ ನೀವು ಬಯಸುವ ಅನುಕೂಲದ ದೊಡ್ಡ ಪಾಲು ಸಿಗುತ್ತದೆ. ರೈಡ್ ಹಾಕಿದರೆ ಆ ಜಾಗದ ಸುತ್ತ ಹೊಸ ತೊಂದರೆ ಹುಟ್ಟುತ್ತದೆ. ಯಾಕೆ ಎನ್ನುವುದಕ್ಕೆ ಮೊದಲು ಜಾಗ ನೋಡಬೇಕು, ಆಮೇಲೆ ಲೆಕ್ಕ.

ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಪಿಕ್ಸಿ ಹಾಲೋ ಇರುವ ತುಂಡು ಜಮೀನು ಹಬ್ ಎಂದು ಕರೆಯುವ ನಡುವಿನ ವೃತ್ತಕ್ಕೂ ಟುಮಾರೋಲ್ಯಾಂಡ್ ಎಂಬ ಪಾರ್ಕಿನ ಭಾಗದ ಬಾಗಿಲಿಗೂ ಮಧ್ಯೆ, ಬೆಟ್ಟದ ಆಕಾರದ ರೈಡ್ ಮ್ಯಾಟರ್‌ಹಾರ್ನ್ ಕಡೆ ತಿರುಗುವ ದಾರಿಯಲ್ಲಿ ಸಿಗುತ್ತದೆ. 1957ರಲ್ಲಿ ಅಲ್ಲಿ ಮಾನ್ಸಾಂಟೊ ಕಂಪನಿಯ ಹೌಸ್ ಆಫ್ ದಿ ಫ್ಯೂಚರ್ ಬಂತು. ಫೈಬರ್‌ಗ್ಲಾಸ್ ಬಲದ ಪ್ಲಾಸ್ಟಿಕ್‌ನಿಂದ ಕಟ್ಟಿದ ಮನೆ, ನಡುವಿನ ಕಾಂಕ್ರೀಟ್ ಕಂಬದಿಂದ ನಾಲ್ಕು ಕಡೆಗೆ ನಾಲ್ಕು ರೆಕ್ಕೆ. ಜನ ಒಳಗೆ ನಡೆದು ನೋಡಿಕೊಂಡು ಆಚೆ ಬರುತ್ತಿದ್ದರು. 1967ರ ಕೊನೆಗೆ ಅದನ್ನು ಕೆಡವಲು ಹೊರಟಾಗ ಕಬ್ಬಿಣದ ಗುಂಡು ಹೊಡೆದರೆ ಗುಂಡೇ ಪುಟಿದು ವಾಪಸ್ ಬರುತ್ತಿತ್ತು. ಒಂದು ದಿನದ ಕೆಲಸ ಎಂದುಕೊಂಡದ್ದು ಎರಡು ವಾರ ಹಿಡಿಯಿತು. ಮನೆ ಹೋಯಿತು, ಅದರ ಕಾಂಕ್ರೀಟ್ ಅಡಿಪಾಯ ಹೋಗಲಿಲ್ಲ. ಹಸಿರು ಬಣ್ಣ ಬಳಿಸಿಕೊಂಡು ಇವತ್ತಿಗೂ ಗಿಡಗಳ ನಡುವೆ ಕೂತಿದೆ. ಆಮೇಲೆ ಅಲ್ಲಿ ಆಲ್ಪೈನ್ ಗಾರ್ಡನ್ಸ್ ಎಂಬ ಹೂದೋಟ, 1990ರ ದಶಕದಲ್ಲಿ ಮತ್ಸ್ಯಕನ್ಯೆ ಏರಿಯಲ್ ಭೇಟಿಯ ಗುಹೆ, 2008ರ ಅಕ್ಟೋಬರ್‌ನಿಂದ ಪಿಕ್ಸಿ ಹಾಲೋ.

ಈ ಪಟ್ಟಿಯಲ್ಲಿ ಗಮನಿಸಬೇಕಾದ್ದು ಒಂದಿದೆ. 1957ರಿಂದ ಇಲ್ಲಿಯವರೆಗೆ ಆ ಜಾಗದಲ್ಲಿ ನಿಂತದ್ದೆಲ್ಲ ನಡೆದು ನೋಡುವಂಥವು, ಇಲ್ಲವೇ ನಿಂತು ಮಾತಾಡುವಂಥವು. ಹಬ್‌ನ ಅಂಚಿಗೆ ಅಂಟಿಕೊಂಡ ಕಿರಿದಾದ ಜಾಗ, ಒಂದು ಕಡೆ ಜನ ಓಡಾಡುವ ದೊಡ್ಡ ದಾರಿ, ಇನ್ನೊಂದು ಕಡೆ ಟುಮಾರೋಲ್ಯಾಂಡ್ ಬಾಗಿಲು. ಅದಕ್ಕೆ ಒಪ್ಪುವ ಬಳಕೆ ಇದೇ.

ಈಗಿನ ತೋಟದ ಜಾಣತನವೂ ಆ ಕಿರಿದಿನಲ್ಲೇ ಇದೆ. ದಾರಿ ಒಳಗೆ ಹೋದ ಹಾಗೆ ಹುಲ್ಲಿನ ಎಸಳು, ಎಲೆ, ಹೂವು ಎಲ್ಲ ಗಾತ್ರದಲ್ಲಿ ದೊಡ್ಡದಾಗುತ್ತಾ ಹೋಗುತ್ತವೆ. ಹೊರಗೆ ಮೊಣಕಾಲೆತ್ತರ ಇದ್ದ ಹುಲ್ಲು ತಿರುವು ದಾಟಿದ ಮೇಲೆ ಅಪ್ಪನ ತಲೆಗಿಂತ ಎತ್ತರ. ಹೀಗೆ ನಾವೇ ಕುಗ್ಗಿಹೋದ ಹಾಗೆ ಅನ್ನಿಸಿ, ಕೊನೆಗೆ ಕೈಯಗಲದ ಕಿನ್ನರಿ ನಮ್ಮಷ್ಟೇ ಎತ್ತರಕ್ಕೆ ಎದುರು ನಿಂತಾಗ ಮಗುವಿಗೆ ಅದು ಸಹಜ ಅನ್ನಿಸುತ್ತದೆ. ಇದೇ ಟಿಂಕರ್ ಬೆಲ್‌ಳನ್ನು ಬಯಲಲ್ಲಿ, ಟಾರು ದಾರಿಯ ಮೇಲೆ ನಿಲ್ಲಿಸಿದರೆ ಆ ಸಹಜತೆ ಹೋಗುತ್ತದೆ. ಮಿಕ್ಕಿಯನ್ನು ಎಲ್ಲಿ ನಿಲ್ಲಿಸಿದರೂ ಮಿಕ್ಕಿಯೇ. ಟಿಂಕರ್ ಬೆಲ್‌ಗೆ ಮಾತ್ರ ಸುತ್ತಲಿನ ಜಾಗವೇ ಅಳತೆ ಕೊಡಬೇಕು. ಹಾಗಾಗಿ "ಪಾತ್ರ ಬೇರೆ ಕಡೆ ಹೋಗಲಿ, ಜಾಗ ಬಿಟ್ಟುಕೊಡಲಿ" ಎನ್ನುವ ಮಾತು ಇಲ್ಲಿ ಉಳಿದ ಪಾತ್ರಗಳಿಗಿಂತ ಹೆಚ್ಚು ದುಬಾರಿ.

ಲೆಕ್ಕ

ಭೇಟಿಯ ಜಾಗಕ್ಕೆ ಎಷ್ಟು ಜನ ಹಿಡಿಸುತ್ತಾರೆ ಎನ್ನುವುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಂದು ಕುಟುಂಬ ಒಳಗೆ ಬಂದು, ಮಾತಾಡಿ, ಫೋಟೊ ತೆಗೆಸಿಕೊಂಡು ಆಚೆ ಹೋಗಿ, ಮುಂದಿನವರು ಬಂದು ನಿಲ್ಲುವವರೆಗೆ ಸುಮಾರು 90 ಸೆಕೆಂಡ್ ಎಂದಿಟ್ಟುಕೊಳ್ಳಿ. ಪಾತ್ರಧಾರಿ 30 ನಿಮಿಷ ನಿಂತು ಬದಲಾಗುತ್ತಾಳೆ. ಅವಳು ಒಳಗೆ ಹೋಗಿ ಇನ್ನೊಬ್ಬಳು ಬರುವುದಕ್ಕೆ 4 ನಿಮಿಷ. ಅಂದರೆ 34 ನಿಮಿಷಕ್ಕೆ 20 ಕುಟುಂಬ, ಗಂಟೆಗೆ 35. ಕುಟುಂಬಕ್ಕೆ ನಾಲ್ಕು ಜನ ಎಂದರೆ 140 ಜನ. ದಿನಕ್ಕೆ 8 ಗಂಟೆ ನಡೆಸಿದರೆ 1,120.

ಈಗ ರೈಡ್. ಆ ತುಂಡಿನಲ್ಲಿ ಹಿಡಿಸಬಹುದಾದದ್ದು ಎಂದರೆ ನಡುಗಂಬದ ಸುತ್ತ ತೋಳುಗಳು ತಿರುಗುವ ಸಣ್ಣ ರೈಡ್ ಮಾತ್ರ. ಹಾಂಟೆಡ್ ಮ್ಯಾನ್ಷನ್ ಥರ ನಿಲ್ಲದೆ ಹರಿಯುವ ಗಾಡಿಗಳ ರೈಡ್ ಗಂಟೆಗೆ 2,000ಕ್ಕೂ ಹೆಚ್ಚು ಜನರನ್ನು ಸಾಗಿಸುತ್ತದೆ, ಆದರೆ ಅದಕ್ಕೆ ದೊಡ್ಡ ಕಟ್ಟಡವೇ ಬೇಕು. 12 ತೋಳು, ತೋಳಿಗೆ ಇಬ್ಬರು ಎಂದರೆ ಸುತ್ತಿಗೆ 24 ಜನ. ಒಂದೂವರೆ ನಿಮಿಷದ ತಿರುಗಾಟ, ಹತ್ತಿಸಿ ಇಳಿಸಿ ಬೆಲ್ಟ್ ನೋಡಲು ಎರಡು ನಿಮಿಷ. ಗಂಟೆಗೆ 17 ಸುತ್ತು, 408 ಸೀಟು. ಒಬ್ಬೊಬ್ಬರೇ ಕೂರುವುದರಿಂದ ಐದರಲ್ಲೊಂದು ಭಾಗ ಖಾಲಿ ಹೋಗುತ್ತದೆ ಎಂದು ಹಿಡಿದರೆ ಸುಮಾರು 330 ಜನ. 14 ಗಂಟೆ ಓಡಿದರೆ 4,600ರ ಆಸುಪಾಸು.

ಅಂಕಿಯಲ್ಲಿ ರೈಡ್ ಗೆದ್ದಿತು, ನಾಲ್ಕು ಪಟ್ಟು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಗೆಲುವಿನ ತೂಕ ನೋಡಿ. 2019ರಲ್ಲಿ ಡಿಸ್ನಿಲ್ಯಾಂಡ್‌ಗೆ ಬಂದವರು ಸುಮಾರು 1 ಕೋಟಿ 86 ಲಕ್ಷ ಎಂಬುದು ಉದ್ಯಮದ ವಾರ್ಷಿಕ ಅಂದಾಜು. ಸರಾಸರಿ ದಿನಕ್ಕೆ 51,000. ರೈಡ್‌ನಿಂದ ಹೆಚ್ಚಾದದ್ದು 3,500 ಸೀಟು, ಅಂದರೆ ಬಂದವರಲ್ಲಿ ನೂರಕ್ಕೆ ಏಳು ಜನರಿಗೆ ಇಡೀ ದಿನದಲ್ಲಿ ಒಂದೂವರೆ ನಿಮಿಷದ ಒಂದು ತಿರುಗಾಟ. ಅದೂ ಎಂಥ ತಿರುಗಾಟ? ಅದೇ 12 ತೋಳಿನ ಆಸ್ಟ್ರೋ ಆರ್ಬಿಟರ್ ಟುಮಾರೋಲ್ಯಾಂಡ್ ಬಾಗಿಲಲ್ಲೇ, ಪಿಕ್ಸಿ ಹಾಲೋಗೆ ಕೂಗಳತೆಯಲ್ಲಿ ಈಗಾಗಲೇ ಇದೆ.

ಆಸ್ಟ್ರೋ ಆರ್ಬಿಟರ್ ಕತೆಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. 1998ರಲ್ಲಿ ಟುಮಾರೋಲ್ಯಾಂಡ್ ಹೊಸದಾಗಿ ಮಾಡಿದಾಗ ಅದನ್ನು ನೆಲದ ಮಟ್ಟಕ್ಕೆ, ಬಾಗಿಲಿಗೇ ತಂದಿಟ್ಟರು. ದೂರದಿಂದ ನೋಡಲು ಚೆನ್ನ. ಆದರೆ ಒಳಗೆ ಹೋಗುವವರು, ಆಚೆ ಬರುವವರು, ರೈಡ್‌ಗೆ ಸಾಲು ನಿಂತವರು, ಮಕ್ಕಳನ್ನು ಹತ್ತಿಸಿ ಬೇಲಿಯಾಚೆ ನಿಂತು ವೀಡಿಯೊ ಮಾಡುವವರು, ಎಲ್ಲರೂ ಅಲ್ಲೇ ಸೇರುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ಸುತ್ತುವ ರೈಡ್ ಇಟ್ಟರೆ ಎರಡು ಗಂಟು ಒಂದೇ ಹಗ್ಗದಲ್ಲಿ.

ಗಂಟು ಎಷ್ಟು ದೊಡ್ಡದು ಎಂಬುದಕ್ಕೂ ಲೆಕ್ಕವಿದೆ, ಬಹಳ ಜನ ಮರೆಯುವ ಲೆಕ್ಕ ಇದೇ. ಸಾಲಿನಲ್ಲಿ ನಿಂತವರ ಸಂಖ್ಯೆ ಎಂದರೆ ಗಂಟೆಗೆ ಹೋಗುವವರು ಗುಣಿಸು ಕಾಯುವ ಹೊತ್ತು. 40 ನಿಮಿಷ ಕಾಯಬೇಕಾದರೆ ಭೇಟಿಯ ಸಾಲಿನಲ್ಲಿ 93 ಜನ, ರೈಡ್ ಸಾಲಿನಲ್ಲಿ 220. ಸಾಲಿನಲ್ಲಿ ಒಬ್ಬರಿಗೆ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ, 0.65 ಚದರ ಮೀಟರ್ ಹಿಡಿಯಿರಿ. ಭೇಟಿಗೆ 60 ಚದರ ಮೀಟರ್ ಸಾಕು, ರೈಡ್‌ಗೆ 143 ಬೇಕು. ಇದಕ್ಕೆ ಸ್ಟ್ರೋಲರ್, ಅಂದರೆ ಮಕ್ಕಳ ತಳ್ಳುಗಾಡಿ ಸೇರಿಸಿ. ಡಿಸ್ನಿಲ್ಯಾಂಡ್ ಒಳಗೆ ಬಿಡುವ ಅತಿ ದೊಡ್ಡ ಸ್ಟ್ರೋಲರ್ 31 ಇಂಚು ಅಗಲ, 52 ಇಂಚು ಉದ್ದ, ಹತ್ತಿರಹತ್ತಿರ ಒಂದು ಚದರ ಮೀಟರ್. 55 ಕುಟುಂಬದಲ್ಲಿ ಅರ್ಧಕ್ಕೆ ಸ್ಟ್ರೋಲರ್ ಇದೆ ಎಂದರೆ ನಡುವೆ ಓಡಾಡಲು ಜಾಗ ಬಿಟ್ಟು ಇನ್ನೊಂದು 55 ಚದರ ಮೀಟರ್. ಭೇಟಿಗೆ ಬಂದವರು ಸ್ಟ್ರೋಲರನ್ನು ಎಷ್ಟೋ ಸಲ ಸಾಲಿನೊಳಗೇ ತಳ್ಳಿಕೊಂಡು ಹೋಗಬಹುದು. ರೈಡ್‌ಗೆ ಬಂದವರು ಹೊರಗೆ ಬಿಟ್ಟೇ ಹೋಗಬೇಕು.

ಒಟ್ಟು 200 ಚದರ ಮೀಟರ್ ಆಯಿತು, ರೈಡ್ ಇನ್ನೂ ಬಂದಿಲ್ಲ. 12 ತೋಳಿನ ರೈಡ್ ತೋಳು ಚಾಚಿದಾಗ ಸಾಮಾನ್ಯವಾಗಿ 15 ಮೀಟರ್ ವ್ಯಾಸ ದಾಟುತ್ತದೆ. ಕೂತವರು ಕೈಚಾಚಿದರೂ ಏನೂ ತಗಲದಷ್ಟು ಸುತ್ತಲೂ ತೆರವು ಬಿಡಬೇಕು ಎಂದು ಅಮೆರಿಕದ ಎಫ್2291 ಎಂಬ ರೈಡ್ ವಿನ್ಯಾಸ ಮಾನದಂಡ ಹೇಳುತ್ತದೆ. ಆಮೇಲೆ ಬೇಲಿ, ನಡೆಸುವವರ ಕಟ್ಟೆ, ವೀಲ್‌ಚೇರ್‌ನಲ್ಲಿ ಬಂದವರು ಹತ್ತುವ ದಾರಿ. ಮರ ಒಂದೂ ಉಳಿಯುವುದಿಲ್ಲ. ಹಬ್‌ನಲ್ಲಿ ಮರ ಎಂದರೆ ಅಲಂಕಾರ ಮಾತ್ರ ಅಲ್ಲ, ಜುಲೈ ಮಧ್ಯಾಹ್ನ ಸಾಲಿಗೆ ಸಿಗುವ ನೆರಳು.

2019ರಲ್ಲಿ ಸ್ಟಾರ್ ವಾರ್ಸ್ ಭಾಗ ತೆರೆಯುವ ಮುಂಚೆ ಪಾರ್ಕಿನವರೇ ಹೂಪಾತಿ ಕಿರಿದು ಮಾಡಿ, ದಾರಿ ಅಗಲ ಮಾಡಿ, ಸ್ಟ್ರೋಲರ್ ಅಳತೆಗೆ ಮಿತಿ ಹಾಕಿದರು. ಇಷ್ಟೆಲ್ಲ ಖರ್ಚು ಮಾಡಿ ಬಿಡಿಸಿದ ದಾರಿಗೆ ಮತ್ತೆ 220 ಜನರ ಸಾಲನ್ನು ತಂದು ಸುರಿಯುವುದು ಸರಿಯಾದ ಯೋಜನೆಯಲ್ಲ.

ಯಾರಿಗಾಗಿ ಈ ಜಾಗ?

ಜನಸಂಖ್ಯೆಯ ಲೆಕ್ಕದಲ್ಲಿ ಎಲ್ಲರೂ ಒಂದೇ. ಪಾರ್ಕಿನ ನೆಲದಲ್ಲಿ ಹಾಗಲ್ಲ. ಮ್ಯಾಟರ್‌ಹಾರ್ನ್‌ಗೆ 42 ಇಂಚು ಎತ್ತರ ಬೇಕು, ಸ್ಪೇಸ್ ಮೌಂಟನ್‌ಗೂ ಸ್ಟಾರ್ ಟೂರ್ಸ್‌ಗೂ 40. ಮೂರು ವರ್ಷದ ಮಗುವಿಗೆ ಸಾಮಾನ್ಯವಾಗಿ ಅಷ್ಟು ಎತ್ತರ ಇರುವುದಿಲ್ಲ. ಆದರೆ ಮೂರು ತುಂಬಿದರೆ ಅದಕ್ಕೂ ಟಿಕೆಟ್ ಇದೆ. ಅಕ್ಕ ಬೆಟ್ಟ ಹತ್ತಿದಾಗ ತಂಗಿ ಏನು ಮಾಡಬೇಕು? ಅಲ್ಲೇ ಕೆಳಗೆ, ಅಳತೆ ಕೋಲು ಇಲ್ಲದ, ಬೆಲ್ಟ್ ಇಲ್ಲದ, ಕತ್ತಲೆ ಇಲ್ಲದ ಒಂದು ಜಾಗ ಇರುವುದು ಆ ಮಗುವಿನ ಹಕ್ಕು ಎಂದೇ ನಾನು ನಂಬುತ್ತೇನೆ.

ನಿಮ್ಮಂಥ ಮನೆಗಳಿಗೆ ಇನ್ನೊಂದು ಮಾತೂ ಅನ್ವಯಿಸುತ್ತದೆ. ಊರಿಂದ ಬೇಸಿಗೆಗೆ ಬಂದ ಅಜ್ಜಿ-ತಾತನನ್ನು ಪಾರ್ಕಿಗೆ ಕರೆದುಕೊಂಡು ಹೋದರೆ ಅವರು ಹೆಚ್ಚಿನ ರೈಡ್‌ಗಳಲ್ಲಿ ಬ್ಯಾಗ್ ಹಿಡಿದು ಹೊರಗೆ ಕೂರುತ್ತಾರೆ. ಮೂರು ತಲೆಮಾರೂ ಒಂದೇ ಚೌಕಟ್ಟಿನಲ್ಲಿ ನಿಲ್ಲುವ ಕೆಲವೇ ಜಾಗಗಳಲ್ಲಿ ಭೇಟಿಯ ಜಾಗ ಒಂದು. ಕಾಲು ನೋವಿದ್ದರೆ ವೀಲ್‌ಚೇರ್‌ನಲ್ಲೇ ಹೋಗಬಹುದು. ಅಮೆರಿಕದ ಅಂಗವಿಕಲರ ಕಾನೂನಿನ ಪ್ರಕಾರ ದಾರಿ ಕನಿಷ್ಠ 36 ಇಂಚು ಅಗಲ, ತಿರುಗಿಸಲು 60 ಇಂಚಿನ ವೃತ್ತ, ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ತೋಟದ ದಾರಿ ಬದಲಿಸುವಾಗ ಮೊದಲು ಕಾಪಾಡಬೇಕಾದ ಮೂರು ಅಳತೆ ಇವು.

ತೆಗೆದರೆ ಏನಾಗುತ್ತದೆ

ಭೇಟಿಯ ಜಾಗ ಮುಚ್ಚಿದರೆ ಭೇಟಿಯಾಗಬೇಕು ಎನ್ನುವವರು ಕಮ್ಮಿಯಾಗುವುದಿಲ್ಲ. ಪಾತ್ರವನ್ನು ದಾರಿ ಬದಿಗೆ ತರಬೇಕಾಗುತ್ತದೆ. ಅಲ್ಲಿ ಸಾಲಿಗೆ ಹಗ್ಗ ಇಲ್ಲ, ಗೋಡೆ ಇಲ್ಲ. ಜನ ಅರ್ಧಚಂದ್ರಾಕಾರದಲ್ಲಿ ಮುತ್ತುತ್ತಾರೆ. ಮುಂದೆ ನುಗ್ಗಿದವರ ಮಗುವಿಗೆ ಸಿಗುತ್ತದೆ, ಹಿಂದೆ ಸುಮ್ಮನೆ ನಿಂತ ಮಗುವಿಗೆ ಇಲ್ಲ. 30 ನಿಮಿಷ ಮುಗಿದು ಪಾತ್ರಧಾರಿ ಹೊರಡುವಾಗ ಮರೆಗೆ ಸರಿಯಲು ಬಾಗಿಲು ಹತ್ತಿರ ಇರುವುದಿಲ್ಲ. ಅವಳ ಹಿಂದೆ ಮಕ್ಕಳು ಓಡುತ್ತಾರೆ, ದಾರಿ ಕಟ್ಟುತ್ತದೆ.

ಇದು ಊಹೆಯಲ್ಲ, ಫ್ಲಾರಿಡಾದಲ್ಲಿ ಇದೇ ಪಾತ್ರಕ್ಕೆ ಸ್ಥಳಾಂತರದ ಪಾಡು ಆಗಿದೆ. ಅಲ್ಲಿನ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪಾತ್ರಗಳ ಭೇಟಿ ನಡೆಯುತ್ತಿದ್ದ ಮಿಕ್ಕೀಸ್ ಟೂನ್‌ಟೌನ್ ಫೇರ್ 2011ರ ಫೆಬ್ರವರಿಯಲ್ಲಿ ಮುಚ್ಚಿತು. ಮಿಕ್ಕಿಗೆ ಅದೇ ಏಪ್ರಿಲ್ 1ಕ್ಕೆ ಟೌನ್ ಸ್ಕ್ವೇರ್ ಥಿಯೇಟರ್ ಸಿಕ್ಕಿತು, ಒಳಾಂಗಣ, ಎಸಿ. ಟಿಂಕರ್ ಬೆಲ್ ಮಾತ್ರ ಬೇರೆಬೇರೆ ಕಡೆ ತಿರುಗಿ 2014ರಲ್ಲಿ ಆ ಥಿಯೇಟರ್ ಸೇರಿದಳು. ಬದಲಿ ಜಾಗ ಸಿದ್ಧಮಾಡದೆ ಹಳೆಯದನ್ನು ಮುಚ್ಚಿದರೆ ಹೀಗೆ ವರ್ಷಗಟ್ಟಲೆ ಎಳೆಯುತ್ತದೆ.

ಫ್ಲಾರಿಡಾದ ಅದೇ ಪಾರ್ಕಿನಲ್ಲಿ ಉಲ್ಟಾ ಉದಾಹರಣೆಯೂ ಇದೆ. ಸ್ನೋ ವೈಟ್ ರೈಡನ್ನು 2012ರ ಮೇ 31ಕ್ಕೆ ಮುಚ್ಚಿ, ಅದರ ಕಟ್ಟಡದಲ್ಲಿ ಪ್ರಿನ್ಸೆಸ್ ಫೇರಿಟೇಲ್ ಹಾಲ್ ಎಂಬ ಭೇಟಿಯ ಜಾಗ ಮಾಡಿ 2013ರ ಸೆಪ್ಟೆಂಬರ್‌ನಲ್ಲಿ ತೆರೆದರು. ಅಂದರೆ ರೈಡ್ ತೆಗೆದು ಭೇಟಿಗೆ ಕೊಟ್ಟರು. ಭೇಟಿಗೆ ಅಷ್ಟು ಬೇಡಿಕೆ ಇದೆ ಎಂದು ನಡೆಸುವವರಿಗೇ ಗೊತ್ತು. 2020ರ ಸಾಂಕ್ರಾಮಿಕದ ನಂತರ ದೂರದಿಂದ ಕೈಬೀಸುವ ಪಾತ್ರಗಳನ್ನಷ್ಟೇ ಇಟ್ಟಿದ್ದರು. ಅದು ಅಗ್ಗ, ಬೇಗ, ಸಾಲೂ ಬೇಡ. ಆದರೂ 2022ರ ಏಪ್ರಿಲ್ 18ರಿಂದ ಅಪ್ಪಿಕೊಳ್ಳುವ ಭೇಟಿಯನ್ನೇ ವಾಪಸ್ ತಂದರು.

ಹಾಗಾದರೆ ಏನು ಮಾಡಬೇಕು

ಮೊದಲ ಕೆಲಸಕ್ಕೆ ಗುದ್ದಲಿ ಬೇಡ. ಸಾಲಿನ ತುದಿಯಲ್ಲಿ ಹಾಳಾಗುವ ಸೆಕೆಂಡುಗಳನ್ನು ಉಳಿಸಬೇಕು. ನಮ್ಮ ಆರತಕ್ಷತೆಯ ವೇದಿಕೆ ನೆನೆಸಿಕೊಳ್ಳಿ. ಮೆಟ್ಟಿಲ ಬುಡದಲ್ಲಿ ಒಬ್ಬರು ನಿಂತು ಮುಂದಿನ ಗುಂಪನ್ನು ಸಿದ್ಧ ಮಾಡಿದರೆ ಸಾಲು ಹರಿಯುತ್ತದೆ, ಅವರು ಇಲ್ಲದಿದ್ದರೆ ವಧೂವರರ ಮುಂದೆಯೇ ಜನ ಚೀಲ ಹುಡುಕುತ್ತಾರೆ. ಇಲ್ಲೂ ಅದೇ. ಆಟೋಗ್ರಾಫ್ ಪುಸ್ತಕದಲ್ಲಿ ಖಾಲಿ ಹಾಳೆ ಹುಡುಕುವುದು, ಪೆನ್ನಿನ ಮುಚ್ಚಳ ತೆಗೆಯುವುದು, ಫೋನಿನ ಲಾಕ್ ಬಿಡಿಸಿ ಕ್ಯಾಮೆರಾ ಹುಡುಕುವುದು, ಇವೆಲ್ಲ ಸೇರಿ ಕುಟುಂಬಕ್ಕೆ 20 ಸೆಕೆಂಡ್ ಆಗುತ್ತದೆ. 90 ಹೋಗಿ 110 ಆದರೆ 30 ನಿಮಿಷಕ್ಕೆ 20ರ ಬದಲು 16 ಕುಟುಂಬ. ಗಂಟೆಗೆ 35ರ ಬದಲು 28. ದಿನಕ್ಕೆ 56 ಕುಟುಂಬ ನಷ್ಟ. ಸಾಲಿನಲ್ಲಿ ಮೂರನೇ ಕುಟುಂಬ ಇರುವ ಜಾಗದಲ್ಲಿ ಒಬ್ಬ ಸಹಾಯಕರು ನಿಂತು ಪುಸ್ತಕ ತೆರೆಸಿ, ಪೆನ್ನು ಹಿಡಿಸಿ, ಮಗುವಿನ ಹೆಸರು ಕೇಳಿಕೊಂಡರೆ ಈ ನಷ್ಟ ಬಹುಪಾಲು ನಿಲ್ಲುತ್ತದೆ. ಹೆಸರು ಕೇಳುವಾಗ ಎರಡು ಸಲ ಕೇಳಿ ಸರಿಯಾಗಿ ಉಚ್ಚರಿಸುವುದು ಮುಖ್ಯ. ನಮ್ಮ ಮಕ್ಕಳ ಹೆಸರು ಅಲ್ಲಿನವರ ಬಾಯಲ್ಲಿ ತಿರುಚಿಹೋದರೆ ಮಗು ಅಲ್ಲೇ ಮುದುಡುತ್ತದೆ.

ಸಾಲು ಮುಚ್ಚುವುದೂ ಎಣಿಸಿ ಮಾಡುವ ಕೆಲಸ. ಸಂಜೆ 6ಕ್ಕೆ ಕೊನೆ ಎಂದರೆ 5:20ಕ್ಕೆ ಸಾಲಿನ ಬುಡದಿಂದ ಕುಟುಂಬ ಎಣಿಸಬೇಕು. 40 ನಿಮಿಷಕ್ಕೆ 23 ಕುಟುಂಬ. 23ನೆಯವರ ಹಿಂದೆ ಒಬ್ಬರು ನಿಂತು, ಅದಾದ ಮೇಲೆ ಬಂದವರಿಗೆ ಆಗಲೇ ಹೇಳಿ ಕಳಿಸಬೇಕು. ಎಣಿಸದೆ ಗಡಿಯಾರ ನೋಡಿ ಮುಚ್ಚಿದರೆ ಅರ್ಧ ಗಂಟೆ ನಿಂತ ಮಗುವನ್ನು ವಾಪಸ್ ಕಳಿಸಬೇಕಾಗುತ್ತದೆ. ಇದಕ್ಕಿಂತ ಕೆಟ್ಟ ತಪ್ಪು ಈ ಕೆಲಸದಲ್ಲಿ ಇಲ್ಲ.

ಎರಡನೆಯದು, ಎರಡು ಸ್ಥಾನ. ಸಾಲು ಒಂದೇ ಇರಬೇಕು, ಕೊನೆಯ ತಿರುವಿನಲ್ಲಿ ಎಡ-ಬಲ ಕವಲಾಗಬೇಕು. ಎರಡೂ ಕಡೆ ಟಿಂಕರ್ ಬೆಲ್ ಇರುವುದಾದರೆ ಒಂದು ಕಡೆಯಿಂದ ಇನ್ನೊಂದು ಕಡೆ ಯಾವ ಕೋನದಲ್ಲೂ ಕಾಣಬಾರದು. ಮೂರಡಿ ಎತ್ತರದ ಮಗುವಿನ ಕಣ್ಣಿನ ಮಟ್ಟದಿಂದಲೂ, ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಮಟ್ಟದಿಂದಲೂ ನೋಡಿ ಪರೀಕ್ಷಿಸಬೇಕು. ಹೆಗಲ ಮೇಲಿನ ಮಗುವನ್ನು ಮರೆತು ಕಟ್ಟಿದ ಮರೆಗಳು ಸೋಲುತ್ತವೆ. ಆಚೆ ಹೋಗುವ ದಾರಿ ಒಳಗೆ ಬರುವ ದಾರಿಯನ್ನು ಕತ್ತರಿಸಬಾರದು. ಎರಡೂ ದಾರಿ ಸೇರುವುದು ಹೊರಗಿನ ದೊಡ್ಡ ದಾರಿಯಲ್ಲೇ. ಈ ತೊಡಕು ಬೇಡ ಎಂದರೆ ಇನ್ನೊಂದು ಸ್ಥಾನಕ್ಕೆ ಬೇರೆ ಕಿನ್ನರಿಯನ್ನು ನಿಲ್ಲಿಸಬಹುದು, ಆದರೆ ಆಗ ಅರ್ಧ ಜನ ಟಿಂಕರ್ ಬೆಲ್ ಕಡೆಯೇ ಬೇಕೆಂದು ನಿಲ್ಲುತ್ತಾರೆ, ಸಾಲು ಕವಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮರೆ ಕಟ್ಟಿಸಿ ಒಬ್ಬಳನ್ನೇ ಎರಡು ಕಡೆ ನಿಲ್ಲಿಸುವುದು ಮೇಲು. ಗಂಟೆಗೆ 280, ದಿನಕ್ಕೆ 2,240 ಜನ. ರೈಡ್‌ಗೂ ಇದಕ್ಕೂ ಇದ್ದ ನಾಲ್ಕು ಪಟ್ಟಿನ ಅಂತರ ಎರಡು ಪಟ್ಟಿಗೆ ಇಳಿಯಿತು, ಮರ ಕಡಿಯದೆ.

ಸಿಬ್ಬಂದಿ ಖರ್ಚು ಏರುತ್ತದೆ, ಅದನ್ನು ಮುಚ್ಚಿಡಬಾರದು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ವಿರಾಮ ಎಂದರೆ ಸ್ಥಾನಕ್ಕೆ ಇಬ್ಬರು, ಊಟದ ಹೊತ್ತಿಗೆ ಇನ್ನೊಬ್ಬರು. ಎರಡು ಸ್ಥಾನಕ್ಕೆ ಐದಾರು ಪಾತ್ರಧಾರಿಗಳು, ಮೂವರು ಸಹಾಯಕರು, ಇಬ್ಬರು ಫೋಟೊದವರು. ಡಿಸ್ನಿಲ್ಯಾಂಡ್‌ನ ಸುಮಾರು 1,700 ಪಾತ್ರಧಾರಿ ಮತ್ತು ಮೆರವಣಿಗೆ ಸಿಬ್ಬಂದಿ 2024ರ ಮೇ ತಿಂಗಳಲ್ಲಿ ಆಕ್ಟರ್ಸ್ ಈಕ್ವಿಟಿ ಸಂಘ ಸೇರಲು ಮತ ಹಾಕಿದರು, ಪರ 953, ವಿರೋಧ 258. ನಗುಮುಖದಿಂದ ದಿನಕ್ಕೆ ನೂರಾರು ಮಕ್ಕಳನ್ನು ಬಗ್ಗಿ ಮಾತಾಡಿಸುವ ಕೆಲಸ ಬೆನ್ನಿಗೂ ಮೊಣಕಾಲಿಗೂ ಭಾರ. ವಿರಾಮ ಕತ್ತರಿಸಿ ಸಾಲು ಓಡಿಸುವುದು ಉಳಿತಾಯವಲ್ಲ. ಆಯಾಸವಾದ ಪಾತ್ರಧಾರಿಯ ಮುಂದೆ 90 ಸೆಕೆಂಡ್ ಕೂಡ ಮಗುವಿಗೆ ಏನೂ ಕೊಡುವುದಿಲ್ಲ.

ಮೂರನೆಯದು ನೆರಳು ಮತ್ತು ಬೆಳಕು. ಪಾತ್ರಧಾರಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಬಿಸಿಲು ಬೆನ್ನ ಹಿಂದೆ ಹೋಗುತ್ತದೆ, ಮುಖದ ಮೇಲೆ ಒಂದೇ ಸಮನೆ ಬೆಳಕು. ಪಶ್ಚಿಮಕ್ಕೆ ನಿಲ್ಲಿಸಿದರೆ ಮಧ್ಯಾಹ್ನ 3ರ ಮೇಲೆ ಎಲ್ಲರೂ ಕಣ್ಣು ಕಿರಿದು ಮಾಡಿದ ಫೋಟೊ ಬರುತ್ತದೆ. ಮೇಲೆ ಕಟ್ಟುವ ನೆರಳು ಬಟ್ಟೆ ತೋಟಕ್ಕೆ ಒಪ್ಪಲಿ ಎಂದು ಹಸಿರು ಹಾಕುವುದು ಸಾಮಾನ್ಯ ತಪ್ಪು, ಆ ಹಸಿರು ಮುಖದ ಮೇಲೆಲ್ಲ ಇಳಿಯುತ್ತದೆ. ಬಿಳಿ ಅಥವಾ ತಿಳಿ ಗೋಧಿ ಬಣ್ಣ ಇರಬೇಕು. ಕಂಬ ನೆಡುವ ಮುಂಚೆ ನೆಲದೊಳಗೆ ರಾಡಾರ್ ಬಿಟ್ಟು ನೋಡಲೇಬೇಕು. 1957ರ ಕಾಂಕ್ರೀಟ್ ಎಲ್ಲಿಯವರೆಗೆ ಹಬ್ಬಿದೆ, ನೀರಿನ ಪೈಪು ಎಲ್ಲಿ ಹೋಗಿದೆ ಎಂದು ತಿಳಿಯದೆ ಅಗೆದರೆ ಎರಡು ವಾರದ ಕೆಲಸ ಎರಡು ತಿಂಗಳು. ಅಡಿಪಾಯ ಸಿಕ್ಕ ಕಡೆ ಆಳ ಅಗೆಯದೆ ಭಾರದ ಕುಂಡದೊಳಗೆ ಕಂಬ ಕೂರಿಸಬಹುದು. ಆದರೆ ಅನಹೈಮ್ ಕಡೆ ಶರತ್ಕಾಲದಲ್ಲಿ ಬೀಸುವ ಸಾಂಟಾ ಆನಾ ಗಾಳಿ ಬಟ್ಟೆಯನ್ನು ಮೇಲಕ್ಕೆ ಎಳೆಯುತ್ತದೆ, ಕುಂಡದ ತೂಕವನ್ನು ಆ ಎಳೆತಕ್ಕೆ ಲೆಕ್ಕ ಹಾಕಬೇಕು, ಬಟ್ಟೆ ಬೇಗ ಬಿಚ್ಚುವಂತಿರಬೇಕು. ಕಾರಂಜಿ ಇದ್ದರೆ ಭೇಟಿಯ ಸ್ಥಾನದಿಂದ ಒಂದಷ್ಟು ದೂರ ಇರಲಿ. ನೀರಿನ ಸದ್ದಿನಲ್ಲಿ ಮೆಲ್ಲಗೆ ಮಾತಾಡುವ ಮಗುವಿನ ದನಿ ಕೇಳುವುದಿಲ್ಲ.

ಒಂದನ್ನು ಮಾತ್ರ ಮಾಡಬಾರದು: ದುಡ್ಡು ಕೊಟ್ಟು ಬೇಗ ಹೋಗುವ ಸಾಲನ್ನು ಇಲ್ಲಿಗೆ ತರುವುದು. ಗಂಟೆಗೆ ಸಾವಿರಾರು ಜನ ಹೋಗುವ ರೈಡ್‌ನಲ್ಲಿ ಅದು ನಡೆಯುತ್ತದೆ. 140ರಲ್ಲಿ ನೂರಕ್ಕೆ 70 ಪಾಲು, ಅಂದರೆ 98 ಜನ ಆ ಸಾಲಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು 42. ಮುಂದೆ ಹತ್ತೇ ಹತ್ತು ಕುಟುಂಬ ಕಂಡರೂ ಕಾಯುವುದು ಒಂದು ಗಂಟೆ. ಕಾಯುವಿಕೆ ಕಮ್ಮಿ ಮಾಡಲೇಬೇಕಾದರೆ ಬೆಳಗ್ಗೆಯೇ ಎಲ್ಲರಿಗೂ ಸಮಾನವಾಗಿ ಸಮಯದ ಚೀಟಿ ಕೊಡುವುದು ಮೇಲು, ಅದೂ ಒಟ್ಟು ಹಿಡಿತದ ಮುಕ್ಕಾಲು ಭಾಗಕ್ಕಷ್ಟೇ. ಉಳಿದ ಕಾಲು ಭಾಗ ಅಕಸ್ಮಾತ್ ಬಂದ ಮಗುವಿಗೆ ತೆರೆದಿರಲಿ.

ಕಾಮಗಾರಿಗೆ ಹೊಸ ವರ್ಷದ ರಜೆ ಮುಗಿದ ಜನವರಿ ಮಧ್ಯದಿಂದ ಮಾರ್ಚ್ ಆರಂಭದವರೆಗೆ ಆರೇಳು ವಾರ ಒಳ್ಳೆಯ ಹೊತ್ತು. ಮಳೆ ಬರುವ ತಿಂಗಳು ಅದೇ ಆದ್ದರಿಂದ ನೆಲದ ಕೆಲಸ ಮೊದಲು, ಗಿಡ ಕೊನೆಗೆ. ಒಂದು ಸ್ಥಾನ ಮುಗಿದ ಕೂಡಲೇ ತೆರೆದು, ಇನ್ನೊಂದನ್ನು ಮರೆಯ ಹಿಂದೆ ಮುಂದುವರಿಸಬೇಕು.

ತೆಗೆಯುವುದೇ ಸರಿ ಎನ್ನುವ ಸಂದರ್ಭ ಬರಲಾರದು ಎಂದು ಹೇಳುವುದಿಲ್ಲ. ಟುಮಾರೋಲ್ಯಾಂಡ್ ಬಾಗಿಲನ್ನೇ ಪೂರ್ತಿ ಬಿಚ್ಚಿ ಕಟ್ಟುವ ಯೋಜನೆ ಬಂದು, ಆಸ್ಟ್ರೋ ಆರ್ಬಿಟರ್ ಅಲ್ಲಿಂದ ಎದ್ದು, ದಾರಿ ಅಗಲವಾಗಲು ಈ ತುಂಡೂ ಬೇಕಾದರೆ ಕೊಡಬಹುದು. ಆಗ ಹೊಸ ತೋಟ ಪಾರ್ಕಿನ ಫ್ಯಾಂಟಸಿಲ್ಯಾಂಡ್ ಭಾಗದ ಕಡೆ ಎಲ್ಲಾದರೂ ತೆರೆದು, ಒಂದು ಬೇಸಿಗೆ ನಡೆದು ನೋಡಿದ ಮೇಲೆ ಇದನ್ನು ಮುಚ್ಚಬೇಕು. 2013ರಲ್ಲಿ ಹಬ್‌ನ ಇನ್ನೊಂದು ಬದಿಯ ಕಾರ್ನೇಷನ್ ಪ್ಲಾಜಾ ಗಾರ್ಡನ್ಸ್ ಜಾಗದಲ್ಲಿ ಫ್ಯಾಂಟಸಿ ಫೇರ್ ತೆರೆದಾಗ ರಾಜಕುಮಾರಿಯರಿಗೆ ಒಳ್ಳೆಯ ಮನೆ ಸಿಕ್ಕಿತು, ಆದರೆ 1956ರಿಂದ ಅಲ್ಲಿದ್ದ ನೃತ್ಯದ ಅಂಗಳ ಹೋಯಿತು. ಒಬ್ಬರಿಗೆ ಕೊಡಲು ಇನ್ನೊಬ್ಬರದ್ದನ್ನು ತೆಗೆಯುವಾಗ ಹೋದದ್ದು ಏನು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಸಂದರ್ಭ, ಬೇಡಿಕೆಯೇ ಬಿದ್ದುಹೋಗುವುದು. ಅದನ್ನು ಅಳೆಯಲು ಬೆಳಗ್ಗೆ 11, ಮಧ್ಯಾಹ್ನ 2, ಸಂಜೆ 5ಕ್ಕೆ ಸಾಲಿನ ಉದ್ದ ಮತ್ತು ಬಂದು ನೋಡಿ ಹಿಂದಿರುಗಿದವರ ಸಂಖ್ಯೆ, ಎರಡನ್ನೂ ಬರೆಯಬೇಕು. ಸಾಲಿನ ಉದ್ದ ಮಾತ್ರ ನೋಡಿದರೆ, ಉದ್ದ ಕಂಡು ತಿರುಗಿಹೋದವರು ಲೆಕ್ಕಕ್ಕೆ ಬರುವುದಿಲ್ಲ. ಎರಡು ಸ್ಥಾನ ಮಾಡಿದ ಮೇಲೆ, ಬೇಸಿಗೆ ರಜೆಯೂ ಡಿಸೆಂಬರ್ ರಜೆಯೂ ಸೇರಿದ ಒಂದು ಪೂರ್ತಿ ವರ್ಷ, ಮೂರೂ ಹೊತ್ತಿನಲ್ಲಿ ಕಾಯುವುದು 10 ನಿಮಿಷ ದಾಟದೆ, ಹಿಂದಿರುಗುವವರೂ ಕಾಣದಿದ್ದರೆ ಮೊದಲು ಒಂದು ಸ್ಥಾನ ಮುಚ್ಚಿ. ಒಂದರಲ್ಲೂ ಮತ್ತೊಂದು ವರ್ಷ ಹಾಗೇ ಉಳಿದರೆ ಜಾಗವನ್ನು ಬೇರೆಯದಕ್ಕೆ ಕೊಡಿ, ಆದರೆ ಆಗಲೂ ನಡೆದು ನೋಡುವಂಥದ್ದಕ್ಕೇ ಕೊಡಿ.